ಇನ್ನೂರ ಎಪ್ಪತ್ತೆಂಟು ಮಾರು

ಫೆಬ್ರವರಿ 11, ಮಂಗಳವಾರ

ಈ ಡೈರಿ ಹೋದ ವರ್ಷದ್ದು. ವೈರ್ ಕಂಪನಿಯ ಏಜೆಂಟರು ಬಷೀರ್ ಮಾಮುಗೆ ಕೊಟ್ಟಿದ್ದು. ಮಾಮು ಒಂದು ವರ್ಷ ಮೇಜಿನಲ್ಲಿಟ್ಟು ಈಗ ನನಗೆ ಕೊಟ್ಟರು. ಒಳಗೆ ಅಚ್ಚಾದ ವಾರಗಳು ಈ ವರ್ಷಕ್ಕೆ ಹೊಂದುವುದಿಲ್ಲ, ಹಾಗಾಗಿ ತಾರೀಖು, ವಾರ ಎರಡನ್ನೂ ನಾನೇ ಬರೆದುಕೊಳ್ಳಬೇಕು. ಮೊದಲ ಪುಟದಲ್ಲಿ ಹೆಸರು, ವಿಳಾಸ, ರಕ್ತದ ಗುಂಪು ಎಂದು ಗೆರೆಗಳಿವೆ. ಹೆಸರು ಉಜ್ಮಾ. ವಿಳಾಸ ಯಲ್ಲಾಪುರ. ರಕ್ತದ ಗುಂಪು ಗೊತ್ತಿಲ್ಲ. ಓದಿದ್ದೆಷ್ಟು ಎಂದು ಕೇಳುವ ಗೆರೆ ಇಲ್ಲ, ಒಳ್ಳೆಯದಾಯಿತು. ಏಳನೇ ತರಗತಿ.

ಏಳನೆಯಲ್ಲೂ ನಾನು ಎಷ್ಟೋ ದಿನ ಗೈರುಹಾಜರು. ಶಾಲೆಗೆ ಹೋಗುತ್ತಿದ್ದೆ, ಬೆಂಚಿನಲ್ಲೇ ಇರುತ್ತಿದ್ದೆ. ಹೆಸರು ಕರೆದಾಗ ನಾನು ಓಗೊಟ್ಟದ್ದು ಟೀಚರಿಗೆ ಕೇಳುತ್ತಿರಲಿಲ್ಲ.

ಈಗ ಮಾಮುವಿನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತೇನೆ. ಐದು ವರ್ಷವಾಯಿತು. ಮುಂದೆ ಮಾಮುವಿನ ಕೌಂಟರು, ಹಿಂದೆ ನನ್ನ ಮೇಜು, ನಡುವೆ ಹಸಿರು ಪರದೆ. ಮೊದಲು ಮಾಮುವೇ ಸುತ್ತುತ್ತಿದ್ದರು. ಕಣ್ಣು ಮಂಜಾದ ಮೇಲೆ ನನಗೆ ಕಲಿಸಿದರು. ಗಿರಾಕಿಗಳು ಕೇಳಿದರೆ "ನಮ್ಮ ಹುಡುಗ ಸುತ್ತುತ್ತಾನೆ" ಅನ್ನುತ್ತಾರೆ. ಹುಡುಗಿ ಅಂದರೆ ಇಣುಕಿ ನೋಡಲು ಬರುತ್ತಾರೆ, ಅದು ನನಗೆ ಆಗುವುದಿಲ್ಲ ಎಂದು ಮಾಮುಗೆ ಗೊತ್ತು. ಹಾಗೆ ಹೇಳಿ ಎಂದು ನಾನೇ ಕೇಳಿಕೊಂಡಿದ್ದೆ.

ಸುತ್ತುವ ವಿಷಯದಲ್ಲಿ ಮಾತ್ರ ನನಗೆ ಯಾರ ಹೆದರಿಕೆಯೂ ಇಲ್ಲ. ಲೆಕ್ಕ ತಪ್ಪುವುದಿಲ್ಲ. ಪಕ್ಕದಲ್ಲಿ ಅಮ್ಮಿ ಬಂದು ಕೂತು ಇಡೀ ಊರಿನ ಸುದ್ದಿ ಹೇಳಿದರೂ ತೊಂಬತ್ತಾರನೇ ಸುತ್ತಿನ ಮೇಲೆ ತೊಂಬತ್ತೇಳನೆಯದೇ ಬರುತ್ತದೆ.

ಇವತ್ತು ಹಲಸಿನಮಕ್ಕಿಯ ಮೋಟಾರು ಮತ್ತೆ ಬಂತು. ಅರಬೈಲ್ ಹತ್ತಿರದ ಸಣ್ಣ ಕೇರಿ, ಹದಿನೆಂಟು ಮನೆ. ಹಳ್ಳದಿಂದ ನೀರೆತ್ತುವ ಎರಡು ಎಚ್‌ಪಿ ಮೋಟಾರು. ಜನವರಿಯಲ್ಲಿ ಸುಟ್ಟಿತ್ತು, ನಾನೇ ಸುತ್ತಿ ಕೊಟ್ಟಿದ್ದೆ. ಒಂದು ತಿಂಗಳು ಬಾಳಲಿಲ್ಲ.

ಫೆಬ್ರವರಿ 13, ಗುರುವಾರ

ಮೋಟಾರನ್ನು ಬಿಚ್ಚಿ ನೋಡಿದೆ. ಎಲ್ಲ ಕಡೆ ಒಂದೇ ಸಮ ಕಪ್ಪಾಗಿದೆ. ಹೆಂಚಿನ ಮೇಲೆ ಮರೆತುಬಿಟ್ಟ ರೊಟ್ಟಿಯ ಹಾಗೆ.

ನಾನು ತಪ್ಪಿದ್ದರೆ ಒಂದು ಜಾಗದಲ್ಲಿ ಸುಡಬೇಕಿತ್ತು. ತಂತಿ ತರಚಿದ ಕಡೆ, ಕಾಗದ ಹರಿದ ಕಡೆ, ಅಲ್ಲೊಂದು ಕರಿ ಚುಕ್ಕೆ, ಉಳಿದದ್ದು ಕೆಂಪಗೆ ಹೊಸದು. ಹೀಗೆ ಪೂರ್ತಿ ಸುಡುವುದೆಂದರೆ ಮೋಟಾರು ತಾಳಲಾರದ ಯಾವುದನ್ನೋ ತಾಳಿಕೊಂಡು ನಿಂತಿತ್ತು. ಹಳೆ ತಂತಿ ಕಿತ್ತು ಸುತ್ತುಗಳನ್ನು ಎಣಿಸಿದೆ. ನಾನು ಬರೆದಿಟ್ಟ ಲೆಕ್ಕವೇ ಇದೆ.

ಮಾಮುಗೆ ಹೇಳಬೇಕೆಂದು ಎರಡು ಸಲ ಪರದೆಯವರೆಗೆ ಹೋದೆ. ಗಿರಾಕಿಗಳಿದ್ದರು.

ಫೆಬ್ರವರಿ 18, ಮಂಗಳವಾರ

ಹಲಸಿನಮಕ್ಕಿ ಮೋಟಾರು ಹೋಯಿತು. ವಾರ್ನಿಷನ್ನು ಎರಡು ಸಲ ಕುಡಿಸಿದ್ದೇನೆ. ಒಳಗೆ ಸುತ್ತಿನ ಲೆಕ್ಕದ ಚೀಟಿ ಇಟ್ಟಿದ್ದೇನೆ. ಇದಕ್ಕಿಂತ ಚೆನ್ನಾಗಿ ಹುಬ್ಬಳ್ಳಿಯಲ್ಲೂ ಯಾರೂ ಸುತ್ತುವುದಿಲ್ಲ.

ಫೆಬ್ರವರಿ 27, ಗುರುವಾರ

ಮೂರನೇ ಸಲ.

ಅಲ್ಲಿನ ನೀರಿನ ಉಸ್ತುವಾರಿ ಮಂಜಪ್ಪಣ್ಣನೇ ಗಾಡಿಯಿಂದ ಮೋಟಾರು ಇಳಿಸಿದರು. ಸಿಟ್ಟು ಮಾಡಿ ಕೂಗಿದ್ದರೆ ಚೆನ್ನಾಗಿತ್ತು. ಬೇಜಾರಿನಲ್ಲಿ ಸಣ್ಣಗೆ ಮಾತಾಡಿದರು, ಪರದೆಯ ಈಚೆಗೆ ಎಲ್ಲ ಕೇಳುತ್ತಿತ್ತು. ಟಾಂಕಿ ಒಣಗಿ ನಾಲ್ಕು ದಿನವಂತೆ. ಹೆಂಗಸರು ಹಳ್ಳಕ್ಕಿಳಿದು ಹೊರುತ್ತಿದ್ದಾರಂತೆ. ಕೊಡ ಹೊತ್ತು ಹತ್ತುವಾಗ ಒಬ್ಬರು ಜಾರಿ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡಿದ್ದಾರಂತೆ.

"ಸಾಯ್ಬ್ರೆ, ಬೇಜಾರ ಮಾಡ್ಕಣಬ್ಯಾಡಿ. ನಿಮ್ಮ ಹುಡುಗನ ಕೈ ಸಮ ಇಲ್ಲ ಕಾಣ್ತದೆ."

ಕರೆಂಟು ಸರಿ ಇದೆಯೇ ಎಂದು ಮಾಮು ಕೇಳಿದರು. ಕೇರಿಯ ವೈರಿಂಗ್ ನೋಡುವ ಆನಂದ ಪ್ರತಿಸಲ ಮೀಟರ್ ಹಿಡಿದು ನೋಡುತ್ತಾನೆ, ಇನ್ನೂರ ಇಪ್ಪತ್ತಾರು ವೋಲ್ಟ್ ಇದ್ದೇ ಇರುತ್ತದೆ ಅಂದರು ಮಂಜಪ್ಪಣ್ಣ. ಮೋಟಾರಿನ ಶೆಡ್ಡಿನಲ್ಲಿ ಬಲ್ಬು ಕೂಡ ಹಾಲಿನ ಹಾಗೆ ಉರಿಯುತ್ತದಂತೆ.

ಸಂಜೆ ಮಾಮು ನನ್ನ ಮೇಜಿಗೆ ಬಂದು, ಈ ಸಲ ನಾನು ಸುತ್ತುತ್ತೇನೆ ಬೇಟಾ, ನೀನು ತಂತಿ ಹಿಡಿದುಕೋ ಅಂದರು.

ಮಾರ್ಚ್ 4, ಮಂಗಳವಾರ

ರಂಜಾನಿನ ಮೂರನೇ ರೋಜಾ, ಉಪವಾಸ. ಮಾಮು ಸುತ್ತಿ ಮುಗಿಸಿದರು. ಕನ್ನಡಕ ತೆಗೆಯುವುದು, ಒರೆಸುವುದು, ಹಾಕುವುದು. ತಂತಿಯನ್ನು ನಾನು ಸಂದಿನವರೆಗೆ ತಂದುಕೊಟ್ಟೆ, ಅವರು ಬಿದಿರು ಕಡ್ಡಿಯಲ್ಲಿ ಕೂರಿಸಿದರು. ನಾನು ಎಣಿಸಿದೆ, ಅವರೂ ಎಣಿಸಿದರು. ಇಬ್ಬರ ಲೆಕ್ಕವೂ ಒಂದೇ. ಅವರ ಬೆರಳು ಈಗಲೂ ನನ್ನ ಬೆರಳಿಗಿಂತ ಹಗುರ.

ಮಾರ್ಚ್ 9, ಭಾನುವಾರ

ಮಾಮು ಸುತ್ತಿದ ಮೋಟಾರೂ ಸುಟ್ಟು ಬಂತು. ಮೂರು ದಿನ ಓಡಿದೆ.

ನನಗೆ ಮೊದಲು ಸಮಾಧಾನವಾಯಿತು ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ. ತಪ್ಪು ನನ್ನ ಕೈಯದಲ್ಲ ಎಂದು ಸಾಬೀತಾಯಿತಲ್ಲ ಅಂದುಕೊಂಡೆ. ಆಮೇಲೆ ಮಾಮುವಿನ ಮುಖ ನೋಡಿದೆ. ಅವರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಲವತ್ತು ವರ್ಷದ ಕೈ.

ಮಂಜಪ್ಪಣ್ಣ ಇನ್ನು ಮೋಟಾರನ್ನು ಹುಬ್ಬಳ್ಳಿಗೆ ಒಯ್ಯುತ್ತೇವೆ ಅಂದಿದ್ದಾರೆ. ಅವರು ಹೋದ ಮೇಲೆ ಮಾಮು ಹೇಳಿದರು, ಈದ್ ಕಳೆದ ಮೇಲೆ ಸುತ್ತುವ ಕೆಲಸ ನಿಲ್ಲಿಸೋಣ, ಸ್ವಿಚ್ಚು ಬಲ್ಬು ಮಾರಿಕೊಂಡಿದ್ದರೆ ಸಾಕು, ನಿನ್ನ ಮೇಜಿನ ಜಾಗದಲ್ಲಿ ಕಪಾಟು ಹಾಕಿಸುತ್ತೇನೆ.

ಅಮ್ಮಿಗೆ ಹೇಳಿದೆ. ಅಮ್ಮಿ ಒಳ್ಳೆಯದೇ ಆಯಿತು, ಬೆರಳೆಲ್ಲ ವಾರ್ನಿಷ್ ಆಗಿ ಗೋರಂಟಿ ಹಿಡಿಯುವುದಿಲ್ಲ ಅಂದಳು. ನನಗೆ ಗೋರಂಟಿ ಬೇಡ. ನನಗೆ ಆ ಮೇಜು ಬೇಕು.

ಮಾರ್ಚ್ 10, ಸೋಮವಾರ

ಮಸೀದಿಯಿಂದ ತಂದ ರಂಜಾನ್ ವೇಳಾಪಟ್ಟಿ ಮಡಚಿ ಮಡಚಿ ಹರಿಯುತ್ತಿತ್ತು. ಡೈರಿಯ ಕೊನೆಯ ಪುಟಕ್ಕೆ ಅಂಟಿಸೋಣವೆಂದು ಗೋಂದು ಹಚ್ಚಿದೆ. ಅಂಟಿಸಿದ ಮೇಲೆ ಅದರ ಅಂಚಿನಿಂದ ಒಂದು ಸಾಲು ಅಂಕಿ ಹೊರಗೆ ಕಂಡಿತು. ಕಂಪನಿಯವರು ಅಲ್ಲಿ ಒಂದು ಕೋಷ್ಟಕ ಅಚ್ಚು ಹಾಕಿದ್ದಾರೆ. ಗೋಂದು ಒಣಗುವ ಮೊದಲು ವೇಳಾಪಟ್ಟಿಯನ್ನು ಕಿತ್ತೆ.

ಇಂಗ್ಲಿಷಿನಲ್ಲಿದೆ, ಆದರೆ ಎಚ್‌ಪಿ, ಮೀಟರ್ ಇವು ನನಗೆ ಓದಲು ಬರುತ್ತವೆ. ಅಂಕಿ ಎಲ್ಲ ಭಾಷೆಯಲ್ಲೂ ಅಂಕಿಯೇ. ಎಡಗಡೆ ಮೋಟಾರು ಎಷ್ಟು ಎಚ್‌ಪಿ. ಮೇಲುಗಡೆ ತಂತಿ ಎಷ್ಟು ಉದ್ದ. ಎರಡೂ ಕೂಡುವಲ್ಲಿ ತಂತಿ ಎಷ್ಟು ದಪ್ಪ ಬೇಕು. ಉದ್ದ ಹೆಚ್ಚಿದ ಹಾಗೆ ದಪ್ಪ ಹೆಚ್ಚುತ್ತ ಹೋಗುತ್ತದೆ. ಎರಡು ಎಚ್‌ಪಿಯ ಸಾಲಿನಲ್ಲಿ ಐನೂರು ಮೀಟರಿನ ಕೆಳಗೆ ಅಂಕಿಯೇ ಇಲ್ಲ. ಬರೀ ಒಂದು ಗೆರೆ. ಆಗುವುದಿಲ್ಲ ಎಂದು.

ಒಂದು ತಿಂಗಳಿಂದ ಇದೇ ಪುಸ್ತಕದ ಎದುರುಗಡೆ ಕೂತು ಗೋಳು ಬರೆಯುತ್ತಿದ್ದೇನೆ. ಉತ್ತರ ಹಿಂದುಗಡೆ ಇತ್ತು.

ಹಲಸಿನಮಕ್ಕಿಯಲ್ಲಿ ತಂತಿ ಎಷ್ಟು ಉದ್ದ ಇದೆ ಎಂದು ನಾವು ಒಮ್ಮೆಯೂ ಕೇಳಿಲ್ಲ. ಮಾಮುಗೆ ಪುಟ ತೋರಿಸಿದೆ. ಅವರು ದೂರ ಹಿಡಿದು, ಹತ್ತಿರ ಹಿಡಿದು ಓದಿದರು. ಮಂಜಪ್ಪಣ್ಣನಿಗೆ ಫೋನು ಮಾಡಿದರು. ಅವರು ಎಷ್ಟಿದ್ದೀತು, ನೂರಿನ್ನೂರು ಇರಬಹುದು, ಯಾರು ಅಳೆದಿದ್ದಾರೆ ಅಂದರಂತೆ. ಇದೊಂದು ಸಲ ನಾವೇ ಸುತ್ತಿ ತಂದು ಕೂರಿಸಿ ನೋಡುತ್ತೇವೆ ಎಂದು ಮಾಮು ಕೇಳಿಕೊಂಡರು. ಇದು ಕೊನೆಯ ಸಲ ಅಂದರಂತೆ ಅವರು.

"ಯಾರು ಹೋಗುವುದು?" ಎಂದು ಮಾಮು ನನ್ನನ್ನು ಕೇಳಿದರು. "ನನಗೆ ಮೀಟರಿನ ಅಂಕಿ ಕಾಣುವುದಿಲ್ಲ."

ನಾನು ಬರುತ್ತೇನೆ ಅಂದೆ. ಅವರು ಮತ್ತೆ ಕೇಳಿದರು, ಕೇಳಿಸಲಿಲ್ಲವೋ ಏನೋ. ಮತ್ತೆ ಹೇಳಿದೆ.

ಮಾರ್ಚ್ 13, ಗುರುವಾರ

ಸುತ್ತಿ ಮುಗಿಯಿತು. ನಾನೊಬ್ಬಳೇ. ನಾಳೆ ವಾರ್ನಿಷ್ ಒಣಗಬೇಕು.

ಆ ಶೆಡ್ಡಿನ ಬಲ್ಬಿನ ಮಾತು ತಲೆಯಿಂದ ಹೋಗುತ್ತಿಲ್ಲ. ಉದ್ದ ತಂತಿಯಲ್ಲಿ ಕರೆಂಟು ಸೋತು, ಮೋಟಾರಿಗೆ ಸಾಲದೆ, ಅದು ಕಾದು ಸುಡುತ್ತಿದ್ದರೆ ಬಲ್ಬೂ ಮಂಕಾಗಬೇಕಲ್ಲ. ಅಂಗಡಿಯಲ್ಲಿ ಮೇಜಿನ ಹಳೆಯ ಗುಂಡು ಬಲ್ಬಿಗೂ ಹೊಸ ಎಲ್‌ಇಡಿ ಬಲ್ಬಿಗೂ ರೆಗ್ಯುಲೇಟರಿನಿಂದ ಕರೆಂಟು ಕಡಿಮೆ ಮಾಡಿ ನೋಡಿದೆ. ಗುಂಡು ಬಲ್ಬು ಕೆಂಡದ ಹಾಗೆ ಕೆಂಪಾಯಿತು. ಎಲ್‌ಇಡಿಗೆ ಏನೂ ಆಗಲಿಲ್ಲ, ಹಾಲಿನ ಹಾಗೆ ಉರಿಯಿತು.

ಗುಂಡು ಬಲ್ಬನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದೇನೆ.

ಮಾರ್ಚ್ 15, ಶನಿವಾರ

ಇವತ್ತಿನದು ಉದ್ದ ಬರೆಯಬೇಕು.

ಸಹರಿಯ ಊಟ ಮುಗಿಸಿ ಬೆಳಗಾಗುತ್ತಲೇ ಗೂಡ್ಸ್ ರಿಕ್ಷಾದಲ್ಲಿ ಮೋಟಾರು ಹಾಕಿಕೊಂಡು ಹೊರಟೆವು. ಘಟ್ಟದ ರಸ್ತೆ ಬಿಟ್ಟು ಮಣ್ಣು ದಾರಿಯಲ್ಲಿ ಒಳಗೆ. ಕೇರಿಯ ತುದಿಯಲ್ಲಿ ಮಂಜಿಯಮ್ಮ ಎಂಬ ವಯಸ್ಸಾದ ಹೆಂಗಸಿನ ಮನೆ. ಟಾಂಕಿ ಅವರ ಮನೆಯ ಪಕ್ಕ, ಮೋಟಾರಿನ ಸ್ವಿಚ್ಚು ಅವರ ಜಗುಲಿಯಲ್ಲಿ. ದಿನಾ ಮೋಟಾರು ಹಾಕಿ ತೆಗೆಯುವುದು ಅವರದೇ ಕೆಲಸ. ಅಲ್ಲಿ ಮಂಜಪ್ಪಣ್ಣ, ವೈರಿಂಗಿನ ಆನಂದ, ಹತ್ತಿಪ್ಪತ್ತು ಜನ. ಹುಡುಗ ಎಲ್ಲಿ ಎಂದು ಮಂಜಪ್ಪಣ್ಣ ಕೇಳಿದರು. ಮಾಮು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವನು ಬರಲಿಲ್ಲ, ಇವಳು ನನ್ನ ತಂಗಿಯ ಮಗಳು, ಮೀಟರ್ ಓದಲು ಕರೆತಂದೆ ಅಂದರು.

ಮಂಜಿಯಮ್ಮ ಚೊಂಬಿನಲ್ಲಿ ನೀರು ತಂದರು. ಬೇಡ ಎಂದು ತಲೆಯಾಡಿಸಿದೆ.

"ಎಂತಕ್ಕೆ, ನಮ್ಮನೆ ನೀರು ಕುಡಿಯೂದಿಲ್ವ ತಂಗಿ? ಕೊಡ ಹೊತ್ತು ತಂದಿದ್ದು ಮತ್ತೆ."

ರೋಜಾ ಎಂದು ಮಾಮು ಹೇಳಿದರು. ಮಂಜಿಯಮ್ಮ ನನ್ನ ಮುಖವನ್ನೇ ನೋಡಿ, ಈ ಬಿಸಿಲಲ್ಲಿ ನೀರಿಗೆ ಬಂದು ನೀರೇ ಕುಡಿಯದ ಜನ ಇವತ್ತೇ ಕಂಡೆ ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು.

ತಂತಿ ಅಳೆಯಬೇಕಿತ್ತು. ಟೇಪು ಅಂಗಡಿಯಲ್ಲೇ ಉಳಿದಿತ್ತು. ಮಾರು ಹಾಕಿದೆ. ತಂತಿಯನ್ನು ಎರಡೂ ಕೈ ಚಾಚಿ ಹಿಡಿಯುವುದು, ಒಂದು. ಬಲಗೈ ಇದ್ದಲ್ಲಿಗೆ ಎಡಗೈ ತರುವುದು, ಮತ್ತೆ ಚಾಚುವುದು, ಎರಡು. ಎಣಿಸುವುದು ನನ್ನ ಕಸುಬು.

ಸ್ವಿಚ್ಚಿನಿಂದ ಹೊರಟ ತಂತಿ ಕಾಲುದಾರಿಯ ಜೊತೆ ಎಡಕ್ಕೆ, ಮರದಿಂದ ಮರಕ್ಕೆ, ಹಳ್ಳದ ಮೊದಲ ಗುಂಡಿಗೆ ಇಳಿಯುತ್ತದೆ. ತೊಂಬತ್ತೆರಡು ಮಾರು. ಮೊದಲು ಮೋಟಾರು ಅಲ್ಲೇ ಇತ್ತಂತೆ. ಬೇಸಿಗೆಯಲ್ಲಿ ಆ ಗುಂಡಿ ಬತ್ತಿದ ವರ್ಷ ಮೋಟಾರನ್ನು ಕೆಳಗಿನ ಗುಂಡಿಗೆ ಒಯ್ದರು, ಒಂದು ತುಂಡು ತಂತಿ ಸೇರಿಸಿದರು. ಅದು ಬತ್ತಿದಾಗ ಇನ್ನೂ ಕೆಳಗೆ, ಇನ್ನೊಂದು ತುಂಡು. ಮನೆ ವೈರಿಂಗಿನಲ್ಲಿ ಉಳಿದದ್ದು, ಮದುವೆ ಚಪ್ಪರಕ್ಕೆ ತಂದದ್ದು, ಯಾರದೋ ಹಳೆ ಪಂಪಿನದ್ದು. ಮಂಜಪ್ಪಣ್ಣ ಪ್ರತಿ ಗಂಟಿನ ಹತ್ತಿರ ನಿಂತು ಇದು ಯಾವ ವರ್ಷದ ಬೇಸಿಗೆ, ಯಾರ ಮನೆಯ ತಂತಿ ಎಂದು ಹೇಳುತ್ತ ಬಂದರು. ಹದಿಮೂರು ಗಂಟು. ಎರಡು ಕಡೆ ಗಂಟಿಗೆ ಸುತ್ತಿದ ಟೇಪು ಕರಗಿ ಅಂಟಾಗಿತ್ತು. ಈಗಿನ ಗುಂಡಿಗೆ ಬಂದದ್ದು ಹೋದ ಡಿಸೆಂಬರಿನಲ್ಲಿ. ಸುಡಲು ಶುರುವಾದದ್ದು ಜನವರಿಯಲ್ಲಿ.

ಶೆಡ್ಡಿನ ಬಾಗಿಲಿಗೆ ಬಂದಾಗ ಇನ್ನೂರ ಎಪ್ಪತ್ತೆಂಟು ಮಾರು. ನನ್ನ ಒಂದು ಮಾರು ಐದೂಮುಕ್ಕಾಲು ಅಡಿ. ಸುಮಾರು ಐನೂರು ಮೀಟರು. ಪುಸ್ತಕದಲ್ಲಿ ಗೆರೆ ಮಾತ್ರ ಇದ್ದ ಜಾಗ.

ಮಾಮು ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಗಂಡಸರು ಹೊತ್ತು ತಂದ ಮೋಟಾರನ್ನು ತಂತಿಗೆ ಸೇರಿಸುವ ಮೊದಲು ಆನಂದ ಮೇಲಿನ ಸ್ವಿಚ್ಚು ಹಾಕಿಸಿ ಮೀಟರ್ ಹಿಡಿದ. ಇನ್ನೂರ ಇಪ್ಪತ್ತಾರು. ನೋಡಿ ಸಾಯ್ಬ್ರೆ, ಯಾವಾಗ ನೋಡಿದರೂ ಇಷ್ಟೇ, ನಾಲ್ಕು ಸಲ ನೋಡಿದ್ದೇನೆ ಅಂದ.

ಆಗ ನನಗೆ ತಿಳಿಯಿತು. ಅವನು ನಾಲ್ಕು ಸಲವೂ ಸರಿಯಾಗಿಯೇ ನೋಡಿದ್ದಾನೆ. ಆದರೆ ಅವನನ್ನು ಕರೆಯುವುದು ಮೋಟಾರು ಸುಟ್ಟ ಮೇಲೆ. ಆ ಹೊತ್ತಿಗೆ ಮೋಟಾರು ನಮ್ಮ ಅಂಗಡಿಯಲ್ಲಿರುತ್ತದೆ. ತಂತಿಯ ತುದಿಯಲ್ಲಿ ಎಳೆಯುವವರು ಯಾರೂ ಇಲ್ಲದಾಗ ಕರೆಂಟು ಎಷ್ಟು ದೂರ ಬೇಕಾದರೂ ಸುಮ್ಮನೆ ಬಂದು ನಿಂತಿರುತ್ತದೆ. ದಾರಿಯಲ್ಲಿ ಎಷ್ಟು ಕಳೆದುಹೋಗುತ್ತದೆ ಎಂದು ಗೊತ್ತಾಗುವುದು ಮೋಟಾರು ಎಳೆದಾಗ.

ಮಾಮುವಿನ ಕಿವಿಯಲ್ಲಿ ಹೇಳಿದೆ. ಜೋರಾಗಿ ಹೇಳು, ಅವರಿಗೇ ಹೇಳು ಅಂದರು. ಆಗಲಿಲ್ಲ. ಚೀಲದಿಂದ ಗುಂಡು ಬಲ್ಬು ತೆಗೆದು ಮೋಟಾರಿನ ತಂತಿಗೇ ಕಟ್ಟಿದೆ. ಹಳದಿ ಬೆಳಕು ಬಂತು. ಸ್ವಿಚ್ಚು ತೆಗೆಸಿ ಮೋಟಾರನ್ನೂ ಅದೇ ತಂತಿಗೆ ಸೇರಿಸಿ, ಈಗ ಹಾಕಿಸಿ ಎಂದು ಮಂಜಪ್ಪಣ್ಣನಿಗೆ ಸನ್ನೆ ಮಾಡಿದೆ. ಅವರು ಮೇಲಕ್ಕೆ ನೋಡಿ ಒಂದು ಕೂ ಹಾಕಿದರು. ಮೇಲಿನಿಂದ ಮಂಜಿಯಮ್ಮನ ಕೂ ಬಂತು. ಮೋಟಾರು ಗುಂಯ್ ಎಂದು ನರಳುತ್ತ ಎದ್ದಿತು. ಬಲ್ಬು ಮಂಕಾಗಿ, ಕೆಂಪಾಗಿ, ಒಳಗಿನ ತಂತಿಯೊಂದೇ ಕೆಂಡದ ಹುಳದ ಹಾಗೆ ಕಾಣುವಷ್ಟಾಯಿತು. ಪಕ್ಕದಲ್ಲಿ ಶೆಡ್ಡಿನ ಎಲ್‌ಇಡಿ ಮಾತ್ರ ಹಾಲಿನ ಹಾಗೆ ಉರಿಯುತ್ತಿತ್ತು. ಆನಂದ ಮೀಟರ್ ಇಟ್ಟ. ನೂರ ಐವತ್ತೆಂಟು. ಇನ್ನೊಮ್ಮೆ ಇಟ್ಟ. ಅವನ ಕಿವಿ ಕೆಂಪಾಯಿತು.

ಬಂದ್ ಮಾಡಿಸಿ, ಸುಡುತ್ತದೆ ಅಂದೆ. ಅದು ನನ್ನ ಬಾಯಿಂದಲೇ ಬಂದಿರಬೇಕು, ಮಂಜಪ್ಪಣ್ಣ ತಕ್ಷಣ ಕೂ ಹಾಕಿದರು.

ದಪ್ಪ ತಂತಿ ಐನೂರು ಮೀಟರು ತರುವುದು ಹದಿನೆಂಟು ಮನೆಯಿಂದ ಆಗುವ ಮಾತಲ್ಲ. ಎಲ್ಲರ ಮುಖ ಸಣ್ಣಗಾಯಿತು. ನಾನು ಆ ಕೂಗನ್ನೇ ಯೋಚಿಸುತ್ತಿದ್ದೆ. ನಾವು ಮುಕ್ಕಾಲು ತಾಸು ನಡೆದು ಬಂದ ಮನೆಯಿಂದ ಮಂಜಿಯಮ್ಮನ ದನಿ ಪಕ್ಕದಲ್ಲಿ ನಿಂತ ಹಾಗೆ ಕೇಳಿತ್ತು. ಅವರ ಕೋಳಿ ಕೂಗಿದ್ದೂ ಕೇಳುತ್ತಿತ್ತು. ತಲೆಯೆತ್ತಿ ನೋಡಿದೆ. ನೀರಿನ ಕಪ್ಪು ಪೈಪು ಶೆಡ್ಡಿನಿಂದ ಕಡಿದಾದ ಧರೆ ಹತ್ತಿ ಪೊದೆಯೊಳಗೆ ನೆಟ್ಟಗೆ ಮೇಲೆ ಹೋಗಿದೆ. ಹಳ್ಳ ಗುಡ್ಡವನ್ನು ಸುತ್ತು ಹಾಕಿ ಬಂದು ಅವರ ಮನೆಯ ನೇರ ಕೆಳಗೇ ಹರಿಯುತ್ತದೆ.

ಮೋಟಾರು ಇಲ್ಲಿಗೆ ತಂದಾಗ ಪೈಪನ್ನು ಕಿತ್ತು ಹೊಸದಾಗಿ ಅಳೆದು ಹತ್ತಿರದ ದಾರಿಯಲ್ಲಿ ಎಳೆದಿದ್ದಾರೆ. ತಂತಿ ಹೇಗೂ ಮರಗಳ ಮೇಲೆ ಇದೆಯಲ್ಲ ಎಂದು ತುದಿಗೆ ತುಂಡು ಕಟ್ಟಿದ್ದಾರೆ. ನೀರು ಗುಡ್ಡ ಹತ್ತುವಾಗ ದಣಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಕರೆಂಟೂ ದಣಿಯುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಪೈಪಿನ ಗುಂಟ ಬೇರು ಹಿಡಿದು ಹತ್ತಿ ಅಳೆದೆ. ಮುಳ್ಳಿಗೆ ದುಪಟ್ಟಾ ಹರಿಯಿತು. ನೂರ ಹನ್ನೆರಡು ಮಾರು.

ಮೇಲೆ ಬಂದು ಜಗುಲಿಯಲ್ಲಿ ಕೂತು ಇದ್ದಿಲಲ್ಲಿ ನೆಲದ ಮೇಲೆ ಬರೆದೆ. ಇರುವುದು ಇನ್ನೂರ ಎಪ್ಪತ್ತೆಂಟು. ಬೇಕಾದ್ದು ನೂರ ಹನ್ನೆರಡು. ಉಳಿದದ್ದನ್ನು ಏನು ಮಾಡುವುದು ಎಂದು ಮಂಜಪ್ಪಣ್ಣ ಕೇಳಿದರು. ಅಂಗಡಿಯಲ್ಲಿ ದಪ್ಪ ತಂತಿ ಸಿಗದಿದ್ದರೆ ನಾನು ಎರಡು ತೆಳು ತಂತಿ ಜೋಡಿಸಿ ಒಂದರ ಹಾಗೆ ಸುತ್ತುತ್ತೇನೆ. ಇಲ್ಲೂ ಅದೇ. ಒಂದರ ಪಕ್ಕ ಇನ್ನೊಂದು, ಎರಡು ಸಾಲು, ಎರಡು ತುದಿಯಲ್ಲೂ ಕೂಡಿಸುವುದು. ಇನ್ನೂರ ಇಪ್ಪತ್ತನಾಲ್ಕು ಮಾರು. ಐವತ್ತನಾಲ್ಕು ಉಳಿಯುತ್ತದೆ. ಯಾರೂ ಏನೂ ಕೊಳ್ಳಬೇಕಾಗಿಲ್ಲ.

ಇದನ್ನೆಲ್ಲ ನೆಲ ನೋಡಿಕೊಂಡೇ ಹೇಳಿದೆ. ತಲೆಯೆತ್ತಿದಾಗ ಹತ್ತಿಪ್ಪತ್ತು ಜನ ಬಗ್ಗಿ ಇದ್ದಿಲ ಅಂಕಿ ನೋಡುತ್ತಿದ್ದರು.

ಮಂಜಪ್ಪಣ್ಣ ಮಾಮುವನ್ನು ಕೇಳಿದರು. "ಸಾಯ್ಬ್ರೆ, ಮೋಟಾರ್ ಸುತ್ತೂದು ಯಾರು?"

ಮಾಮು ಬಾಯಿ ತೆರೆಯುವ ಮೊದಲೇ ನಾನೇ ಅಂದೆ. ಹಾಗಾದರೆ ನಾಳೆ ಬನ್ನಿ, ಕೇರಿಯ ಜನ ಎಲ್ಲ ಇರುತ್ತೇವೆ ಅಂದರು. ಹೋಗುವಾಗ ಮಂಜಿಯಮ್ಮ ಹಲಸಿನ ಹಪ್ಪಳದ ಕಟ್ಟು ಕೊಟ್ಟರು.

ಮಾರ್ಚ್ 16, ಭಾನುವಾರ

ತುಂಬಾ ದಣಿವು. ಚಿಕ್ಕದಾಗಿ ಬರೆಯುತ್ತೇನೆ.

ಗಂಡಸರು ಪೊದೆ ಸವರಿ ದಾರಿ ಮಾಡಿದರು. ತಂತಿ ಎಲ್ಲ ಇಳಿಸಿ ಅಂಗಳಕ್ಕೆ ತಂದು ದಪ್ಪದ್ದು, ತೆಳುವಿನದು ಬೇರೆ ಮಾಡಿದೆ. ಗಂಟುಗಳನ್ನೆಲ್ಲ ಕತ್ತರಿಸಿ, ಕೆರೆದು, ಬೆಸುಗೆ ಹಾಕಿದೆ. ಮೇಲೆ ಸ್ವಿಚ್ಚಿನ ಕಡೆ ಆನಂದ, ಕೆಳಗೆ ಮೋಟಾರಿನ ಕಡೆ ನಾನು. ಮಾಮುಗೆ ಧರೆ ಇಳಿಯಲು ಆಗುವುದಿಲ್ಲ, ಜಗುಲಿಯಲ್ಲಿ ಕೂತಿದ್ದರು. ಫೋನು ಹಿಡಿಯುವುದಿಲ್ಲ ಅಲ್ಲಿ. ಆನಂದ ಒಮ್ಮೆ ಕೆಂಪು ಗುರುತಿನದಕ್ಕೆ ಕಪ್ಪು ಗುರುತಿನದು ಕಟ್ಟಿಬಿಟ್ಟಿದ್ದ. ಅದನ್ನು ಬಿಡಿಸಿ ಬೇರೆ ಕಟ್ಟಿಸಬೇಕಾಯಿತು. ಆಮೇಲೆ ಅವನು ಪ್ರತಿಯೊಂದನ್ನೂ ಕಟ್ಟುವ ಮೊದಲು ಮೇಲಿನಿಂದ ಕೂಗಿ ಕೇಳಿದ, ಕೆಳಗಿನಿಂದ ನಾನು ಹೇಳಿದೆ. ಹೀಗೆ ಮಧ್ಯಾಹ್ನ ಪೂರ್ತಿ.

ಸಂಜೆ ಆರೂಕಾಲಿಗೆ ಮೋಟಾರು ಹಾಕಿಸಿದೆ. ಗುಂಡು ಬಲ್ಬು ಒಂದು ಸಲ ಕಣ್ಣು ಮಿಟುಕಿಸಿ ಮತ್ತೆ ಹಳದಿಯಾಗಿ ನಿಂತಿತು. ಇನ್ನೂರ ಹದಿನಾಲ್ಕು. ಮೋಟಾರು ನರಳಲಿಲ್ಲ. ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಮೈ ಬೆಚ್ಚಗಿರುವ ಹಾಗೆ.

ಮೇಲೆ ಹತ್ತಿ ಬಂದಾಗ ಟಾಂಕಿಗೆ ನೀರು ಬೀಳುತ್ತಿತ್ತು. ಹೆಂಗಸರು ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದರು, ಯಾರೂ ತುಂಬಿಸಿಕೊಳ್ಳುತ್ತಿರಲಿಲ್ಲ. ಎಂತಕ್ಕೆ ಎಂದು ಕೇಳಿದೆ. ಮಂಜಿಯಮ್ಮ ಮಾಮುವಿನ ಕೈಗಡಿಯಾರ ತೋರಿಸಿ, ನಿಮ್ಮ ಹೊತ್ತು ಆಗಲಿ ಅಂದರು.

ಆರು ನಲವತ್ತಕ್ಕೆ, ರೋಜಾ ಬಿಡುವ ಹೊತ್ತಿಗೆ, ಮೊದಲ ಚೊಂಬು ನೀರು ಮಾಮುಗೂ ನನಗೂ ಕೊಟ್ಟರು. ಪೈಪಿನ ವಾಸನೆ ಇತ್ತು, ಸ್ವಲ್ಪ ಮಣ್ಣೂ ಇತ್ತು. ಅಂಥ ನೀರು ಕುಡಿದಿರಲಿಲ್ಲ. ಆಮೇಲೆ ಕೊಡಗಳು ಒಂದರ ಹಿಂದೆ ಒಂದು ನಲ್ಲಿಯ ಕೆಳಗೆ ಬಂದವು.

ಮಾರ್ಚ್ 17, ಸೋಮವಾರ

ಗಂಟಲು ಪೂರ್ತಿ ಕಟ್ಟಿದೆ. ದನಿಯೇ ಹೊರಡುತ್ತಿಲ್ಲ. ಏನಾಯಿತು ಎಂದು ಅಮ್ಮಿ ಕೇಳಿ ಕೇಳಿ ಸಾಕಾದಳು. ಅಲ್ಲಿನ ಧೂಳಿರಬೇಕು. ಇಫ್ತಾರಿಗೆ ಅಮ್ಮಿ ಶುಂಠಿ ಕಾಸಿ ಕೊಟ್ಟಳು.

ಮಾಮು ಕಪಾಟಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾರ್ಚ್ 22, ಶನಿವಾರ

ಹಲಸಿನಮಕ್ಕಿಯಿಂದ ಆನಂದ ಬಂದಿದ್ದ. ಮೋಟಾರು ಓಡುವಾಗ ಮೀಟರ್ ಇಟ್ಟು ಆರು ದಿನದ ಅಂಕಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಇನ್ನೂರ ಹತ್ತಕ್ಕಿಂತ ಇಳಿದಿಲ್ಲ. ಸೀದಾ ಪರದೆಯ ಹತ್ತಿರ ಬಂದು, "ಉಜ್ಮಾ ಅವರೆ, ನೋಡ್ತ್ರಾ?" ಅಂದ. ತೆಗೆದುಕೊಂಡು ನೋಡಿದೆ. ಗುಂಡು ಬಲ್ಬು ಒಂದು ಬೇಕಂತೆ, ಶೆಡ್ಡಿನಲ್ಲಿ ಕಾಯಂ ತೂಗುಹಾಕಲು. ಈಗ ಅವು ಸಿಗುವುದು ಕಷ್ಟ. ನನ್ನ ಮೇಜಿನದನ್ನೇ ಕೊಟ್ಟೆ, ಹೋಗಲಿ.

ಮಾರ್ಚ್ 27, ಗುರುವಾರ

ಮೋಟಾರು ಹತ್ತು ದಿನ ದಾಟಿತು. ಮಾಮು ನನ್ನ ಮೇಜಿಗೆ ಹೊಸ ಬೆಳಕು ಹಾಕಿಸಿದ್ದಾರೆ. ಕಪಾಟನ್ನು ಕೌಂಟರಿನ ಬಲಕ್ಕೆ ಕೂರಿಸೋಣ ಅನ್ನುತ್ತಾರೆ.

ಹಬ್ಬಕ್ಕೆ ಅಂಗಡಿ ಗುಡಿಸಿ ಪರದೆ ತೆಗೆದು ತೊಳೆದು ಒಣಗಲು ಹಾಕಿದೆ. ಐದು ವರ್ಷದ ವಾರ್ನಿಷ್, ಮೂರು ಬಕೆಟ್ ನೀರಿಗೂ ಬಣ್ಣ ಬಿಟ್ಟಿತು.

ಏಪ್ರಿಲ್ 4, ಶುಕ್ರವಾರ

ಈದ್ ಕಳೆದು ಅಂಗಡಿ ತೆರೆದು ಎರಡು ದಿನ. ಇವತ್ತು ವಜ್ರಳ್ಳಿ ಕಡೆಯವರೊಬ್ಬರು ಸುಟ್ಟ ಮೋಟಾರು ತಂದಿದ್ದರು. ಎರಡನೇ ಸಲವಂತೆ, ಮೊದಲು ಬೇರೆಲ್ಲೋ ಸುತ್ತಿಸಿದ್ದರು. ಕೌಂಟರಿನಲ್ಲಿ ಮಾಮುವಿನ ಹತ್ತಿರ, ಹಲಸಿನಮಕ್ಕಿ ಮೋಟಾರ್ ಸುತ್ತಿದ ಹುಡುಗ ಇಲ್ಲೇ ಇದ್ದಾನಲ್ಲ, ಅವನ ಕೈಯಲ್ಲೇ ಆಗಬೇಕು ಅಂದರು.

ನಾನು ಸುತ್ತುತ್ತಿದ್ದೆ. ನಲವತ್ತೊಂದು, ನಲವತ್ತೆರಡು.

"ಸ್ವಿಚ್ಚಿನಿಂದ ಬಾವಿಗೆ ಎಷ್ಟು ಮಾರು ತಂತಿ ಇದೆ?" ಎಂದು ಕೇಳಿದೆ.

ಅವರು ಆಚೀಚೆ ನೋಡಿ, ಅಳೆದಿಲ್ಲ ಅಂದರು. ಅಳೆದುಕೊಂಡು ಬನ್ನಿ, ಗಂಟು ಎಷ್ಟಿದೆ ಅದನ್ನೂ ಎಣಿಸಿ, ಅಲ್ಲಿಯವರೆಗೆ ನಾನು ಮೋಟಾರು ಬಿಚ್ಚಿಡುತ್ತೇನೆ ಅಂದೆ. ನಲವತ್ತಮೂರು, ನಲವತ್ತನಾಲ್ಕು. ಅವರು ಮಾಮುವಿನ ಕಡೆ ತಿರುಗಿ ಇದು ಯಾರು ಎಂದು ಕೇಳಿದರು.

"ಅದೇ ನಮ್ಮ ಹುಡುಗ," ಅಂದರು ಮಾಮು.

ಪರದೆ ಒಣಗಿ ವಾರವಾಯಿತು, ಮಡಚಿ ಹೊಸ ಕಪಾಟಿನ ಮೇಲಿಟ್ಟಿದ್ದೇನೆ. ಕಟ್ಟಬೇಕು. ನಾಲ್ಕು ಮೋಟಾರು ಬಂದು ಬಿದ್ದಿವೆ, ಪುರಸೊತ್ತೇ ಆಗುತ್ತಿಲ್ಲ.